ದೋಣಿ ಎಂಜಿನ್ನಿಗೆ ಇ20 ಪೆಟ್ರೋಲ್: ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ದೋಣಿ ಬಿಡುವಂಥ ನದಿಯಿಲ್ಲ. ಸಮುದ್ರ ಘಟ್ಟದ ಆಚೆ. ಆದರೂ ಇಲ್ಲಿ ದೋಣಿ ಇಟ್ಟುಕೊಂಡವರಿದ್ದಾರೆ. ಟಾರ್ಪಾಲ್ ಹೊದಿಸಿ ಸೈಟಿನ ಮೂಲೆಯಲ್ಲಿ ನಿಲ್ಲಿಸಿದ ಫೈಬರ್ ದೋಣಿ, ಗಾಳಿ ತೆಗೆದು ಮಡಚಿಟ್ಟ ರಬ್ಬರ್ ದೋಣಿ, ಗೋಡೌನಿನ ಸ್ಟ್ಯಾಂಡಿನಲ್ಲಿ ನೇತಾಡುವ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್). ರಜೆ ಸಿಕ್ಕರೆ ಟ್ರೇಲರ್ ಕಟ್ಟಿಕೊಂಡು ಮಲ್ಪೆ, ಹೊನ್ನಾವರದ ಕಡೆ ಹೊರಡುತ್ತಾರೆ. ಇನ್ನು ಕೆಲವು ದೋಣಿಗಳು ಮಳೆಗಾಲಕ್ಕೆಂದೇ ಇರುವಂಥವು. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆ ಬಡಾವಣೆಗಳಿಗೆ ನೀರು ನುಗ್ಗಿದಾಗ ಬೀದಿಯಲ್ಲೇ ದೋಣಿ ಓಡಿದ್ದು ನೆನಪಿದೆ ಅಲ್ವಾ?

ಇವೆಲ್ಲಕ್ಕೂ ಒಂದು ಸಾಮಾನ್ಯ ಗುಣವಿದೆ. ಓಡುವುದು ವರ್ಷದಲ್ಲಿ ಕೆಲವೇ ದಿನ. ಉಳಿದಷ್ಟೂ ದಿನ ಸುಮ್ನೆ ನಿಂತಿರುತ್ತವೆ. ಎಥನಾಲ್ (ಒಂದು ಬಗೆಯ ಮದ್ಯಸಾರ) ಬೆರೆತ ಪೆಟ್ರೋಲ್ ಜಾಸ್ತಿ ಹಾಳು ಮಾಡುವುದು ಓಡುವ ಎಂಜಿನ್ನನ್ನಲ್ಲ, ಹೀಗೆ ನಿಂತ ಎಂಜಿನ್ನನ್ನು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ದೋಣಿ ಓಡಿಸುವ ದಿನಕ್ಕಿಂತ ಅದನ್ನು ನಿಲ್ಲಿಸುವ ದಿನಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎಥನಾಲ್ ಮಾಡುವುದೇನು?

2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. ಇ20 ಅಂದರೆ ನೂರು ಲೀಟರ್‌ನಲ್ಲಿ 20 ಲೀಟರ್ ಎಥನಾಲ್. 2025ರ ಹೊತ್ತಿಗೆ ದೇಶದ ಬಂಕ್‌ಗಳಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಇದೇ ಎನ್ನುವಂತಾಯಿತು. ಈಚಿನ ಕಾರು, ಬೈಕುಗಳನ್ನು ಇದಕ್ಕೆ ತಕ್ಕಂತೆ ತಯಾರಿಸಿದ್ದಾರೆ. ದೋಣಿ ಎಂಜಿನ್‌ಗಳ ಕಥೆ ಬೇರೆ.

ಎಥನಾಲ್‌ಗೆ ನೀರೆಂದರೆ ಪ್ರೀತಿ. ಪೆಟ್ರೋಲ್‌ನಲ್ಲಿ ನೀರು ಕರಗುವುದಿಲ್ಲ, ಎಥನಾಲ್‌ನಲ್ಲಿ ಎಷ್ಟು ಬೇಕಾದರೂ ಕರಗುತ್ತದೆ. ಟ್ಯಾಂಕಿಗೆ ಸ್ವಲ್ಪ ನೀರು ಸೇರಿದರೆ ಎಥನಾಲ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಮಾತ್ರ ನೀರು ಮತ್ತು ಎಥನಾಲ್ ಎರಡೂ ಸೇರಿ ಪೆಟ್ರೋಲನ್ನು ಬಿಟ್ಟು ಟ್ಯಾಂಕಿನ ತಳಕ್ಕೆ ಇಳಿದುಬಿಡುತ್ತವೆ. ಇ10ರಲ್ಲಿ (ಶೇ. 10 ಎಥನಾಲ್ ಇರುವ ಪೆಟ್ರೋಲ್) ಈ ಮಿತಿ ಲೀಟರಿಗೆ ಸುಮಾರು 5 ಮಿಲಿ ನೀರು. ಇ20 ಇನ್ನೂ ಸ್ವಲ್ಪ ಜಾಸ್ತಿ ತಡೆಯುತ್ತದೆ. ಆದರೆ ಒಮ್ಮೆ ಬೇರ್ಪಟ್ಟರೆ ತಳದಲ್ಲಿ ನಿಲ್ಲುವ ಪದರವೂ ಅಷ್ಟೇ ದೊಡ್ಡದು. 24 ಲೀಟರ್ ಟ್ಯಾಂಕಿನಲ್ಲಿ 4.8 ಲೀಟರ್ ಎಥನಾಲ್ ಇರುತ್ತದೆ. ಅದರಲ್ಲಿ ಬಹುಪಾಲು ನೀರಿನೊಂದಿಗೆ ಕೆಳಗಿಳಿದರೆ ಏನಾಗಬಹುದು ಊಹಿಸಿ. ಎಂಜಿನ್‌ಗೆ ಹೋಗುವ ಪೈಪ್ ಹೀರುವುದು ತಳದಿಂದಲೇ ತಾನೇ!

ಟೂ ಸ್ಟ್ರೋಕ್ ಎಂಜಿನ್‌ಗೆ ಇದು ಇನ್ನೂ ಅಪಾಯ. ಪೆಟ್ರೋಲಿಗೆ ನೀವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಇರುವುದಿಲ್ಲ. ಅದನ್ನು ಹೀರಿದ ಎಂಜಿನ್ ಜಾರುವಿಕೆಯೇ ಇಲ್ಲದೆ ತಿರುಗಿ ಸೀಜ್ ಆಗುತ್ತದೆ, ಅಂದರೆ ಒಳಗೇ ಕಚ್ಚಿಕೊಂಡು ನಿಲ್ಲುತ್ತದೆ.

ಎರಡನೆಯದು, ಎಥನಾಲ್ ಒಳ್ಳೆಯ ಕರಗಿಸುವ ದ್ರವ. ಹಳೆಯ ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಗಸಿಯನ್ನು ಎಬ್ಬಿಸಿ ಫಿಲ್ಟರಿಗೆ, ಕಾರ್ಬೊರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಜೆಟ್ಟಿಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ ತಂದು ತುಂಬುತ್ತದೆ. ಅದಕ್ಕೆಂದೇ ತಯಾರಾಗದ ರಬ್ಬರನ್ನು ಉಬ್ಬಿಸುತ್ತದೆ, ಒಣಗಿದ ಮೇಲೆ ಬಿರುಕು ಬಿಡಿಸುತ್ತದೆ. ಮೂರನೆಯದು ತುಕ್ಕು. ನೀರು ಸೇರಿದ ಎಥನಾಲ್ ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರಲೋಹದ ಕಾರ್ಬೊರೇಟರ್ ಒಳಗೆ ಬಿಳಿ ಪುಡಿ ಎಬ್ಬಿಸುತ್ತದೆ, ಹಿತ್ತಾಳೆ ಜೆಟ್ಟುಗಳ ಮೇಲೆ ಹಸಿರು ಕಟ್ಟಿಸುತ್ತದೆ.

ನೀರು ಎಲ್ಲಿಂದ ಬರುತ್ತದೆ? ಗಾಳಿಯ ತೇವವನ್ನು ಹೀರಿಯೇ ಪೆಟ್ರೋಲ್ ಎರಡು ಪದರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆಗುವುದುಂಟು, ಆದರೆ ಅದು ನಿಧಾನದ ಕೆಲಸ. ನನ್ನ ಪ್ರಕಾರ ಮೊದಲು ಅನುಮಾನಪಡಬೇಕಾದ್ದು ಟ್ಯಾಂಕಿನ ಮುಚ್ಚಳವನ್ನು. ಅದರ ವಾಷರ್ ಬಿರುಕು ಬಿಟ್ಟಿದ್ದು, ದೋಣಿ ಬಯಲಲ್ಲಿ ನಿಂತಿದ್ದರೆ, ಮೇ ತಿಂಗಳ ಒಂದು ಸಂಜೆಯ ಮಳೆ ಸಾಕು.

ಹಂತ 1: ಮ್ಯಾನುಯಲ್ ತೆಗೆದು ಓದಿ

ಯಮಹಾ, ಸುಜುಕಿ, ಮರ್ಕ್ಯುರಿ, ಹೋಂಡಾ ಔಟ್‌ಬೋರ್ಡ್‌ಗಳ ಮ್ಯಾನುಯಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಮಿತಿ ಶೇ. 10 ಎಥನಾಲ್. ಅಮೆರಿಕದಲ್ಲಿ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲನ್ನು ದೋಣಿ ಎಂಜಿನ್‌ಗೆ ಹಾಕುವುದೇ ಕಾನೂನುಬಾಹಿರ. ನಮ್ಮ ಬಂಕ್ ಕೊಡುವುದು ಶೇ. 20. ಅಂದರೆ ತಯಾರಕರು ಒಪ್ಪಿದ್ದರ ಎರಡರಷ್ಟು. ಹಾಕಿದ ದಿನವೇ ಎಂಜಿನ್ ಕೆಡುತ್ತದೆ ಎಂದೇನಲ್ಲ. ಆದರೆ ಕೆಟ್ಟರೆ ವಾರಂಟಿ ಮಾತಿಗೆ ಬರುವುದಿಲ್ಲ, ಇದನ್ನು ತಿಳಿದೇ ಹಾಕಬೇಕು.

ನಿಮ್ಮ ಎಂಜಿನ್‌ನ ಪುಟದಲ್ಲಿ ಮೂರು ವಿಷಯ ಗುರುತು ಹಾಕಿಕೊಳ್ಳಿ: ಎಥನಾಲ್ ಮಿತಿ, ಬೇಕಾದ ಆಕ್ಟೇನ್ (ಪೆಟ್ರೋಲ್ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದೆ ತಡೆಯುವ ಗುಣದ ಅಂಕಿ), ಕಾರ್ಬೊರೇಟರ್ ಇದೆಯೋ ಇಂಜೆಕ್ಷನ್ (ಪಂಪಿನ ಒತ್ತಡದಿಂದ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇದೆಯೋ. ಈ ಕೊನೆಯದು ಮುಂದೆ ತುಂಬಾ ಮುಖ್ಯವಾಗುತ್ತದೆ. ಕರಾವಳಿಯ ನಾಡದೋಣಿಯವರ ಹತ್ತಿರ ಇರುವಂಥ ಸೀಮೆಎಣ್ಣೆ ಎಂಜಿನ್ ನಿಮ್ಮದಾಗಿದ್ದರೆ ಈ ತಲೆನೋವು ಬಹಳ ಕಡಿಮೆ. ಸ್ಟಾರ್ಟ್ ಮಾಡಲು ಬಳಸುವ ಪೆಟ್ರೋಲ್ ಒಂದನ್ನು ನೋಡಿಕೊಂಡರಾಯಿತು.

ಹಂತ 2: ಪೆಟ್ರೋಲ್ ಆರಿಸಿ, ಅಳೆದು ನೋಡಿ

ಬಂಕ್‌ಗಳಲ್ಲಿ ಸಿಗುವ 100 ಆಕ್ಟೇನ್ ಪೆಟ್ರೋಲಿಗೆ ಎಥನಾಲ್ ಇಲ್ಲದ್ದು ಎಂಬ ಹೆಸರಿದೆ. ಎಲ್ಲ ಬಂಕ್‌ಗಳಲ್ಲೂ ಸಿಗುವುದಿಲ್ಲ, ದರವೂ ತುಂಬಾ ಜಾಸ್ತಿ. ದಿನಾ ಓಡುವ ಬೈಕಿಗೆ ಅದು ದಂಡ. ಆದರೆ ವರ್ಷಕ್ಕೆ ಒಂದೆರಡು ಟ್ಯಾಂಕ್ ಸುಡುವ ದೋಣಿಗೆ ಲೆಕ್ಕ ಹಾಕಿ ನೋಡಿ. ಒಂದು ಕಾರ್ಬೊರೇಟರ್ ಸರ್ವಿಸ್ ಖರ್ಚಿನ ಮುಂದೆ ಅದು ದೊಡ್ಡದಲ್ಲ. ನನ್ನನ್ನು ಕೇಳಿದರೆ, ದೋಣಿಯನ್ನು ಕಟ್ಟಿಡುವ ಮುನ್ನ ಎಂಜಿನ್ನಲ್ಲಿ ಕೊನೆಯದಾಗಿ ಓಡಬೇಕಾದ ಪೆಟ್ರೋಲ್ ಇದು.

ಹೆಸರು ನಂಬಿ ಕೂರಬೇಡಿ, ಟೆಸ್ಟ್ ಮಾಡಿ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ 100 ಮಿಲಿಯ ಗಾಜಿನ ಅಳತೆ ಸಿಲಿಂಡರ್ ಸಿಗುತ್ತದೆ. ಅದಕ್ಕೆ ಸರಿಯಾಗಿ 10 ಮಿಲಿ ನೀರು ಹಾಕಿ. ಮೇಲೆ 100ರ ಗೆರೆವರೆಗೆ ಪೆಟ್ರೋಲ್ ತುಂಬಿ. ಬಾಯಿ ಮುಚ್ಚಿ ಒಂದು ನಿಮಿಷ ಅಲುಗಾಡಿಸಿ. ನಡುನಡುವೆ ಮುಚ್ಚಳ ಸ್ವಲ್ಪ ತೆಗೆದು ಒತ್ತಡ ಬಿಡಿ. ಹತ್ತು ನಿಮಿಷ ಅಲುಗದಂತೆ ಇಡಿ. ನೀರು ಎಥನಾಲನ್ನು ಎಳೆದುಕೊಂಡು ಕೆಳಗೆ ನಿಲ್ಲುತ್ತದೆ. ಗೆರೆ 10ರಲ್ಲೇ ಇದ್ದರೆ ಎಥನಾಲ್ ಇಲ್ಲ. 19ರ ಹತ್ತಿರ ಬಂದರೆ ಇ10. 27–28ರ ಹತ್ತಿರ ಬಂದರೆ ಇ20. ಗೆರೆ ಸರಿಯಾಗಿ ಕಾಣದಿದ್ದರೆ ಅಡುಗೆಮನೆಯ ಬಣ್ಣ ಒಂದು ಹನಿ ಹಾಕಿ, ಅದು ಕೆಳಗಿನ ಪದರಕ್ಕೆ ಮಾತ್ರ ಹತ್ತುತ್ತದೆ. ಟೆಸ್ಟ್ ಮಾಡಿದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಸುರಿಯಬೇಡಿ.

ಈ ಟೆಸ್ಟ್ ನೋಡಿದ ಕೂಡಲೇ ಕೆಲವರಿಗೆ ಒಂದು ಐಡಿಯಾ ಹೊಳೆಯುತ್ತದೆ: ಹೀಗೇ ಕ್ಯಾನಿಗೆ ನೀರು ಹಾಕಿ ಎಥನಾಲ್ ತೆಗೆದು, ಮೇಲಿನ ಪೆಟ್ರೋಲ್ ಬಳಸಿದರೆ? ಬೇಡ. ಎಥನಾಲ್ ಹೋದರೆ ಅದು ಕೊಡುತ್ತಿದ್ದ ಆಕ್ಟೇನ್ ಕೂಡ ಹೋಗುತ್ತದೆ, ಪೆಟ್ರೋಲ್ ಹೊತ್ತಿಗೆ ಮೊದಲೇ ಹೊತ್ತಿಕೊಂಡು ಎಂಜಿನ್ ನಾಕ್ ಆಗುತ್ತದೆ. ಮೇಲಾಗಿ ಕೆಳಗೆ ಉಳಿಯುವ ಲೀಟರ್‌ಗಟ್ಟಲೆ ನೀರು-ಎಥನಾಲ್ ಗಲೀಜನ್ನು ಎಲ್ಲಿ ಹಾಕುತ್ತೀರಿ?

ಇ20 ಬಿಟ್ಟರೆ ಬೇರೆ ದಾರಿಯಿಲ್ಲ ಎಂದಾದರೆ ಜನ ಜಾಸ್ತಿ ಬರುವ ಬಂಕ್ ಆರಿಸಿ. ಅಲ್ಲಿ ಪೆಟ್ರೋಲ್ ಹಳೆಯದಾಗುವಷ್ಟು ಹೊತ್ತು ನಿಲ್ಲುವುದಿಲ್ಲ. ಜೋರು ಮಳೆಗೆ ಅಂಗಳದಲ್ಲಿ ನೀರು ನಿಂತ ಬಂಕ್‌ಗೆ ಆ ವಾರ ಹೋಗಬೇಡಿ. ಟ್ಯಾಂಕರ್ ಇಳಿಸುತ್ತಿದ್ದರೆ ಮುಂದಿನ ಬಂಕ್ ನೋಡಿ, ತಳದ ಗಸಿ ಆಗಲೇ ಎದ್ದಿರುತ್ತದೆ. ಟ್ರಿಪ್‌ಗೆ ಎಷ್ಟು ಬೇಕೋ ಅಷ್ಟೇ ತನ್ನಿ. ಒಂದು ತಿಂಗಳು ದಾಟಿದ ಇ20 ದೋಣಿಗೆ ಬೇಡ, ಇದು ನಾನು ಪಾಲಿಸುವ ನಿಯಮ.

ತುಂಬಿಸುವಾಗ ಕ್ಯಾನನ್ನು ಕಾರಿನ ಡಿಕ್ಕಿಯಲ್ಲೋ ದೋಣಿಯಲ್ಲೋ ಇಟ್ಟು ತುಂಬಿಸಬಾರದು. ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಿಸಿ, ಸ್ಟ್ಯಾಟಿಕ್ ಕಿಡಿಯ ಭಯವಿರುತ್ತದೆ. ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲಿಗೆ ಕಾನೂನು ಹಾಕಿರುವ ಮಿತಿ 30 ಲೀಟರ್. ಅಷ್ಟನ್ನೂ ಇಡುವ ಅಗತ್ಯ ಯಾರಿಗೂ ಇಲ್ಲ ಬಿಡಿ.

ಹಂತ 3: ಟ್ಯಾಂಕ್

ಕೈಯಲ್ಲಿ ಎತ್ತುವ ಪ್ಲಾಸ್ಟಿಕ್ ಟ್ಯಾಂಕ್ ಆದರೆ ಕೆಲಸ ಸುಲಭ. ಪೂರ್ತಿ ಖಾಲಿ ಮಾಡಿ, ಬಿಸಿಲಿಗೆ ಹಿಡಿದು ಒಳಗೆ ನೋಡಿ. ತಳದಲ್ಲಿ ಹನಿ, ಕೆಸರು, ಜೆಲ್ಲಿಯಂಥ ಗಸಿ ಕಂಡರೆ ಹೊಸ ಪೆಟ್ರೋಲ್ ಸ್ವಲ್ಪ ಹಾಕಿ ಅಲುಗಿಸಿ ಚೆಲ್ಲಿ. ನೀರಲ್ಲಿ ತೊಳೆಯಬೇಡಿ. ಮುಚ್ಚಳದ ವಾಷರ್ ತೆಗೆದು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕಿದ್ದರೆ, ಗಟ್ಟಿಯಾಗಿದ್ದರೆ ಬದಲಿಸಿ. ಮುಚ್ಚಳದ ಮೇಲೆ ಗಾಳಿಯ ಸ್ಕ್ರೂ ಇದ್ದರೆ ಓಡಿಸುವಾಗ ತೆರೆದಿರಬೇಕು, ನಿಲ್ಲಿಸಿದಾಗ ಮುಚ್ಚಿರಬೇಕು. ಇದನ್ನು ಎಲ್ಲರೂ ಉಲ್ಟಾ ಮಾಡುತ್ತಾರೆ.

ದೋಣಿಯೊಳಗೇ ಕಟ್ಟಿದ ಟ್ಯಾಂಕ್ ಆದರೆ ಅದು ಯಾವುದರದ್ದು ಎಂದು ಮೊದಲು ತಿಳಿಯಿರಿ. ಹಳೆಯ ಫೈಬರ್‌ಗ್ಲಾಸ್ ಟ್ಯಾಂಕ್ ಇದ್ದರೆ ನಿಜಕ್ಕೂ ಎಚ್ಚರ ಬೇಕು. ಎಥನಾಲ್‌ಗೆಂದು ತಯಾರಾಗದ ಪಾಲಿಯೆಸ್ಟರ್ ರೆಸಿನ್ ನಿಧಾನವಾಗಿ ಮೆತ್ತಗಾಗುತ್ತದೆ. ಕರಗಿದ ರೆಸಿನ್ ಪೆಟ್ರೋಲಿನೊಂದಿಗೆ ಹೋಗಿ ಎಂಜಿನ್‌ನ ವಾಲ್ವ್‌ಗಳ ಮೇಲೆ ಕಪ್ಪು ಅಂಟಾಗಿ ಕೂರುತ್ತದೆ. ಇದನ್ನು ಯಾವ ಫಿಲ್ಟರ್ ಕೂಡ ತಡೆಯದು, ಯಾಕೆಂದರೆ ಅದು ಕರಗಿರುತ್ತದೆ. ಅಂಥ ಟ್ಯಾಂಕ್ ಇದ್ದರೆ ಅದನ್ನು ಬಿಟ್ಟುಬಿಟ್ಟು ಹೊರಗಿನ ಪ್ಲಾಸ್ಟಿಕ್ ಟ್ಯಾಂಕ್ ಬಳಸುವುದೇ ಅಗ್ಗದ ಪರಿಹಾರ. ಅಲ್ಯೂಮಿನಿಯಂ ಟ್ಯಾಂಕ್ ಪರವಾಗಿಲ್ಲ, ಆದರೆ ತಳದಲ್ಲಿ ನೀರಿನ ಪದರ ನಿಂತರೆ ಅಲ್ಲಲ್ಲಿ ಸಣ್ಣ ತೂತು ಬೀಳುತ್ತದೆ.

ಹಂತ 4: ಪೈಪ್, ಬಲ್ಬ್, ಕ್ಲಾಂಪ್

ಇಲ್ಲಿ ಜನ ಉಳಿಸಲು ಹೋಗಿ ಸಿಕ್ಕಿಬೀಳುತ್ತಾರೆ. ಬೆಂಗಳೂರಿನ ಜೆಸಿ ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ ಪೈಪ್ ಬೈಕಿಗೆ ಸರಿ. ದೋಣಿಗೆ ಬೇಕಾದ್ದು ಬೇರೆ. ಪೈಪಿನ ಮೈಮೇಲೆ ಎಸ್‌ಎಇ ಜೆ1527 ಅಥವಾ ಐಎಸ್‌ಒ 7840 ಎಂಬ ಗುಣಮಟ್ಟದ ಗುರುತು ಅಚ್ಚಾಗಿರಬೇಕು. ಜೆ1527ರಲ್ಲಿ ಎ1 ಎಂದರೆ ಬೆಂಕಿಯನ್ನು ಎರಡೂವರೆ ನಿಮಿಷ ತಡೆಯುವಂಥ, ಪೆಟ್ರೋಲ್ ಸದಾ ತುಂಬಿರುವ ಜಾಗಕ್ಕೆ ಮಾಡಿದ ಪೈಪ್. ಎ1-15 ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು, ಅದರ ಗೋಡೆಯಿಂದ ಪೆಟ್ರೋಲ್ ಆವಿ ಹೊರಬರುವುದು ತೀರಾ ಕಡಿಮೆ. ಇಂಥ ಪೈಪನ್ನು ಔಟ್‌ಬೋರ್ಡ್ ಡೀಲರ್ ಹತ್ತಿರ ಕೇಳಿ ತರಿಸಿಕೊಳ್ಳಬೇಕಾಗುತ್ತದೆ.

ಹಳೆಯ ಪೈಪ್ ಹೇಗಿದೆ ಎಂದು ನೋಡಲು ಒಣಬಟ್ಟೆಯಿಂದ ಅದರ ಉದ್ದಕ್ಕೂ ಒರೆಸಿ ಬಟ್ಟೆ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಪೈಪ್ ಮುಗಿದಿದೆ, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಸರಿ. ಆಮೇಲೆ ಬಗ್ಗಿಸಿ ನೋಡಿ. ಬಗ್ಗಿದ ಜಾಗದಲ್ಲಿ ಸಣ್ಣ ಗೆರೆಗಳು ಎದ್ದರೆ, ಹಿಚುಕಿದಾಗ ಒಂದೊಂದು ಕಡೆ ಒಂದೊಂದು ಥರ ಮೆತ್ತಗಿದ್ದರೆ ಬದಲಿಸಿ. ಕೆಲವು ಪೈಪುಗಳಲ್ಲಿ ಒಳಪದರ ಮಾತ್ರ ಕಿತ್ತು ಬರುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ, ಒಳಗೆ ಪೆಟ್ರೋಲಿನ ದಾರಿ ಮುಚ್ಚಿರುತ್ತದೆ.

ಪ್ರೈಮರ್ ಬಲ್ಬ್ (ಪೈಪಿನ ನಡುವೆ ಇರುವ, ಹಿಚುಕಿ ಪೆಟ್ರೋಲ್ ಎಳೆಯುವ ರಬ್ಬರ್ ಉಂಡೆ) ಮೇಲಿನ ಬಾಣ ಎಂಜಿನ್ ಕಡೆಗೆ ಇರಬೇಕು. ಬಾಣ ಮೇಲ್ಮುಖವಾಗಿ ಬರುವಂತೆ ಬಲ್ಬನ್ನು ನೆಟ್ಟಗೆ ಹಿಡಿದು ಹಿಚುಕಿ, ಒಳಗಿನ ವಾಲ್ವ್‌ಗಳು ಆಗಲೇ ಸರಿಯಾಗಿ ಕೂರುವುದು. ಕೆಲವು ಸಲ ಹಿಚುಕಿದ ಮೇಲೆ ಗಟ್ಟಿಯಾಗಿ, ಗಟ್ಟಿಯಾಗಿಯೇ ಉಳಿಯಬೇಕು. ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಓಡುವಾಗ ಚಪ್ಪಟೆಯಾಗಿ ಹೀರಿಕೊಂಡರೆ ಟ್ಯಾಂಕಿನ ಗಾಳಿಸ್ಕ್ರೂ ಮುಚ್ಚಿದೆ, ಇಲ್ಲವೇ ಬಲ್ಬಿಗಿಂತ ಹಿಂದೆ ಏನೋ ಕಟ್ಟಿಕೊಂಡಿದೆ.

ಕ್ಲಾಂಪುಗಳು ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಜೋಡಣೆಗಳಿಗೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದರ ಎಳೆ ಕಿತ್ತುಬಂದು ನೇರ ಜೆಟ್ಟಿಗೆ ಹೋಗುತ್ತದೆ. ಪೆಟ್ರೋಲ್ ತಡೆಯುವ ಸೀಲಂಟ್ ಹಚ್ಚಿ.

ಹಂತ 5: ನೀರು ಬೇರ್ಪಡಿಸುವ ಫಿಲ್ಟರ್

ಒಂದೇ ಒಂದು ಸಾಮಾನು ಕೊಳ್ಳಲು ದುಡ್ಡಿದೆ ಎಂದರೆ ಇದನ್ನು ಕೊಳ್ಳಿ. 10 ಮೈಕ್ರಾನ್‌ನ, ತಿರುಗಿಸಿ ಹಾಕುವ, ಕೆಳಗೆ ಪಾರದರ್ಶಕ ಬಟ್ಟಲಿರುವ ಫಿಲ್ಟರ್. ಟ್ಯಾಂಕಿಗೂ ಬಲ್ಬಿಗೂ ನಡುವೆ, ಕೈಗೆ ಸಿಗುವ ಎತ್ತರದಲ್ಲಿ ಕೂರಿಸಿ. ಹೊಸ ಫಿಲ್ಟರ್ ಹಾಕುವಾಗ ರಬ್ಬರ್ ರಿಂಗಿಗೆ ಎಂಜಿನ್ ಆಯಿಲ್ ಸ್ವಲ್ಪ ಸವರಿ. ಕೈಯಲ್ಲಿ ತಿರುಗಿಸಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿ ಮಾಡಿ, ಸಾಕು. ವರ್ಷಕ್ಕೊಮ್ಮೆ ಬದಲಿಸಿ, ಎಷ್ಟೇ ಕಡಿಮೆ ಓಡಿದ್ದರೂ.

ತೆಗೆದ ಫಿಲ್ಟರ್ ಒಳಗಿದ್ದುದನ್ನು ಗಾಜಿನ ಬಾಟಲಿಗೆ ಸುರಿದು ಒಂದು ರಾತ್ರಿ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕಿನಲ್ಲೂ ಅದೇ ಇದೆ ಎಂದರ್ಥ. ಫಿಲ್ಟರ್ ಹಾಕಿದ್ದೇನಲ್ಲ ಎಂಬ ಧೈರ್ಯ ಆಗ ಕೆಲಸಕ್ಕೆ ಬಾರದು. ಇದು ಹನಿ ನೀರನ್ನು ಹಿಡಿಯುತ್ತದೆ. ಪೆಟ್ರೋಲಿನಲ್ಲಿ ಕರಗಿದ ಎಥನಾಲನ್ನು ಬಿಡಿಸುವುದಿಲ್ಲ. ಟ್ಯಾಂಕಿನ ತಳದಲ್ಲಿ ಲೀಟರ್‌ಗಟ್ಟಲೆ ನಿಂತದ್ದು ಬಂದರೆ ನಿಮಿಷಗಳಲ್ಲಿ ತುಂಬಿ ಕೈಬಿಡುತ್ತದೆ.

ಹಂತ 6: ಕಾರ್ಬೊರೇಟರ್

ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ಐಡಲ್‌ನಲ್ಲಿ ಸಾಯುತ್ತದೆ, ಥ್ರಾಟಲ್ ಕೊಟ್ಟರೆ ಕೆಮ್ಮುತ್ತದೆ. ಇಂಥ ಎಂಜಿನ್ ನೋಡಿ ಮೆಕ್ಯಾನಿಕ್ "ಪ್ಲಗ್ ಹೋಗಿದೆ ಸಾರ್" ಎಂದರೆ ಒಪ್ಪಬೇಡಿ. ತಿಂಗಳುಗಟ್ಟಲೆ ನಿಂತ ಎಂಜಿನ್‌ನಲ್ಲಿ ಇದು ಹೆಚ್ಚಾಗಿ ಪೈಲಟ್ ಜೆಟ್ (ಐಡಲ್‌ನಲ್ಲಿ ಪೆಟ್ರೋಲ್ ಕೊಡುವ ಅತಿ ಸಣ್ಣ ಜೆಟ್) ಕಟ್ಟಿಕೊಂಡದ್ದು.

ಕೆಲಸ ತೆರೆದ ಜಾಗದಲ್ಲೇ ಮಾಡಿ. ಬೇಸ್‌ಮೆಂಟ್ ಪಾರ್ಕಿಂಗ್ ಬೇಡ, ಗ್ಯಾಸ್ ಗೀಸರ್ ಇರುವ ಯುಟಿಲಿಟಿ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದು ಬಾಗಿಲಾಚೆಯ ದೀಪದವರೆಗೂ ಹೋಗುತ್ತದೆ.

ಕಾರ್ಬೊರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ಡ್ರೈನ್ ಸ್ಕ್ರೂ ತೆಗೆದು ಒಳಗಿದ್ದುದನ್ನು ಗಾಜಿನ ಲೋಟಕ್ಕೆ ಇಳಿಸಿ ನೋಡಿ. ನೀರಿನ ಗುಳ್ಳೆ, ಬಿಳಿ ಪುಡಿ, ಹಳೇ ವಾರ್ನಿಷ್ ವಾಸನೆ ಇದೆಯಾ ಗಮನಿಸಿ. ಆಮೇಲೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳುತ್ತಾ ಬಿಚ್ಚಿ. ಜಪಾನಿ ಎಂಜಿನ್‌ಗಳ ಸ್ಕ್ರೂಗಳಿಗೆ ಜೆಐಎಸ್ (ಜಪಾನಿ ಅಳತೆಯ) ತುದಿಯ ಸ್ಕ್ರೂಡ್ರೈವರ್ ಬೇಕು. ಮಾಮೂಲಿ ಸ್ಟಾರ್ ಹಾಕಿದರೆ ತಲೆ ಸವೆದು ಹೋಗುತ್ತದೆ. ಮಿಕ್ಸ್ಚರ್ ಸ್ಕ್ರೂ (ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಸ್ಕ್ರೂ) ತೆಗೆಯುವ ಮುನ್ನ ಅದನ್ನು ಮೆಲ್ಲಗೆ ಒಳಗೆ ಕೂರುವವರೆಗೆ ತಿರುಗಿಸಿ, ಎಷ್ಟು ಸುತ್ತು ಬಂತು ಎಂದು ಬರೆದಿಡಿ. ಹಾಕುವಾಗ ಅಷ್ಟೇ ಸುತ್ತು ಹೊರಗೆ ತರಬೇಕು.

ಕಾರ್ಬ್ ಕ್ಲೀನರ್ ಹೊಡೆಯುವ ಮುನ್ನ ರಬ್ಬರ್ ಭಾಗಗಳನ್ನೆಲ್ಲ ಬಿಚ್ಚಿಡಿ, ಕಣ್ಣಿಗೆ ಕನ್ನಡಕ ಹಾಕಿ. ಜೆಟ್ಟಿನ ತೂತಿಗೆ ಸೂಜಿ, ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಳತೆ ಕೆಟ್ಟಂತೆಯೇ. ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ ಕಾಣಬೇಕು. ಫ್ಲೋಟನ್ನು (ಬಟ್ಟಲಿನೊಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಭಾಗ) ಕಿವಿಯ ಹತ್ತಿರ ಅಲುಗಿಸಿ, ಒಳಗೆ ದ್ರವದ ಸದ್ದು ಬಂದರೆ ಹೊಸದು ಬೇಕು. ಗ್ಯಾಸ್ಕೆಟ್, ಓ ರಿಂಗ್, ಫ್ಲೋಟ್ ಸೂಜಿ ಮೂರನ್ನೂ ಬದಲಿಸಿಬಿಡಿ. ವಿಟಾನ್ ರಬ್ಬರಿನದು ಸಿಕ್ಕರೆ ಅದನ್ನೇ ಹಾಕಿ, ಎಥನಾಲನ್ನು ಅದು ಮಾಮೂಲಿ ನೈಟ್ರೈಲ್‌ಗಿಂತ ಚೆನ್ನಾಗಿ ತಡೆಯುತ್ತದೆ.

ಹಂತ 7: ನಿಲ್ಲಿಸುವ ದಿನ

ಟ್ರಿಪ್ ಮುಗಿಸಿ ಬಂದ ವಾರವೇ ಇದನ್ನು ಮುಗಿಸಿ. ಮುಂದಿನ ತಿಂಗಳು ಮತ್ತೆ ಹೋಗುತ್ತೇವಲ್ಲ ಎಂದು ಬಿಟ್ಟ ದೋಣಿಗಳೇ ಆಮೇಲೆ ಸ್ಟಾರ್ಟ್ ಆಗದೆ ನಿಲ್ಲುವುದು.

ಎತ್ತಿಡುವ ಟ್ಯಾಂಕ್ ಆದರೆ ಪೂರ್ತಿ ಖಾಲಿ ಮಾಡಿ. ಒಳಗೇ ಕಟ್ಟಿದ ಟ್ಯಾಂಕ್ ಆದರೆ ಖಾಲಿ ಮಾಡುವುದು ಕಷ್ಟ. ಅರ್ಧ ತುಂಬಿಸಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಬೆಂಗಳೂರಿನ ಬೇಸಿಗೆಯಲ್ಲಿ ಹಗಲು-ರಾತ್ರಿ ತಾಪಮಾನ ಏರಿಳಿಯುವಾಗ ಟ್ಯಾಂಕು ತೇವದ ಗಾಳಿ ಎಳೆದುಕೊಳ್ಳುತ್ತಲೇ ಇರುತ್ತದೆ. ಅದನ್ನು ಎಥನಾಲ್ ಇಲ್ಲದ ಪೆಟ್ರೋಲಿನಿಂದ ಶೇ. 95ರಷ್ಟು ತುಂಬಿಸಿ, ಬಿಸಿಲಿಗೆ ಹಿಗ್ಗಲು ಉಳಿದ ಜಾಗ ಬಿಡಿ.

ಸ್ಟೆಬಿಲೈಸರ್ ಹಾಕುವುದಾದರೆ ತಾಜಾ ಪೆಟ್ರೋಲಿಗೆ, ಡಬ್ಬಿಯ ಮೇಲಿನ ಅಳತೆಯಂತೆ ಹಾಕಿ. ಅದು ಪೆಟ್ರೋಲ್ ಹಳಸುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಈಗಾಗಲೇ ಎರಡು ಪದರವಾದದ್ದನ್ನು ಒಂದು ಮಾಡುವ ಔಷಧ ಯಾವುದೂ ಇಲ್ಲ, ಬಾಟಲಿಯ ಮೇಲೆ ಏನೇ ಬರೆದಿರಲಿ. ಹಾಕಿದ ಮೇಲೆ ಎಂಜಿನ್ ಹತ್ತು ನಿಮಿಷ ಓಡಿಸಿ, ಕಾರ್ಬೊರೇಟರ್‌ವರೆಗೂ ಅದು ತಲುಪಬೇಕು. ಓಡಿಸುವಾಗ ಎಂಜಿನ್ನಿನ ಕೆಳತುದಿ ನೀರಿನ ಡ್ರಮ್ಮಿನಲ್ಲಿ ಮುಳುಗಿರಲಿ, ಇಲ್ಲವೇ ನಲ್ಲಿ ಪೈಪಿನ ಮಫ್ (ಎಂಜಿನ್ ನೀರೆಳೆಯುವ ತೂತಿಗೆ ನೀರು ಕೊಡುವ ರಬ್ಬರ್ ಬಟ್ಟಲು) ಹಾಕಿ. ನೀರಿಲ್ಲದೆ ಓಡಿಸಿದರೆ ನೀರೆತ್ತುವ ಇಂಪೆಲ್ಲರ್ ಸುಟ್ಟುಹೋಗುತ್ತದೆ.

ಈಗ ಕಾರ್ಬೊರೇಟರ್ ಮತ್ತು ಇಂಜೆಕ್ಷನ್ ದಾರಿ ಬೇರೆಯಾಗುತ್ತದೆ. ಕಾರ್ಬೊರೇಟರ್ ಎಂಜಿನ್ ಆದರೆ ಐಡಲ್‌ನಲ್ಲಿ ಓಡುತ್ತಿರುವಾಗ ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ನಿಲ್ಲುವವರೆಗೆ ಬಿಡಿ. ಟೂ ಸ್ಟ್ರೋಕ್ ಆದರೆ ಕೊನೆಗೆ ಎಣ್ಣೆಯೂ ಸಿಗುವುದಿಲ್ಲವಾದ್ದರಿಂದ ಅದು ತಡವರಿಸಲು ಶುರು ಮಾಡಿದಾಗ ಕಾರ್ಬೊರೇಟರ್ ಬಾಯಿಗೆ ಫಾಗಿಂಗ್ ಆಯಿಲ್ (ನಿಲ್ಲಿಸುವ ಎಂಜಿನ್ನಿನ ಒಳಭಾಗಕ್ಕೆ ತುಕ್ಕು ಹಿಡಿಯದಂತೆ ಹೊಡೆಯುವ ಎಣ್ಣೆ) ಸಿಂಪಡಿಸಿ. ನಿಂತ ಮೇಲೂ ಬಟ್ಟಲಿನ ತಳದಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಡ್ರೈನ್ ಸ್ಕ್ರೂ ತೆಗೆದು ಅದನ್ನೂ ಇಳಿಸಿ. ಈ ಕೊನೆಯ ಕೆಲಸವನ್ನು ಮರೆಯುವುದರಿಂದಲೇ ಪೈಲಟ್ ಜೆಟ್ ಕಟ್ಟಿಕೊಳ್ಳುವುದು.

ಇಂಜೆಕ್ಷನ್ ಎಂಜಿನ್ನನ್ನು ಹೀಗೆ ಒಣಗುವವರೆಗೆ ಓಡಿಸಬಾರದು. ಅದರ ಪೆಟ್ರೋಲ್ ಪಂಪಿಗೆ ಪೆಟ್ರೋಲೇ ಎಣ್ಣೆ, ಪೆಟ್ರೋಲೇ ತಂಪು. ವೇಪರ್ ಸೆಪರೇಟರ್ ಟ್ಯಾಂಕಿಗೆ (ಎಂಜಿನ್ನಿನಲ್ಲೇ ಇರುವ, ಪೆಟ್ರೋಲಿನಿಂದ ಆವಿ ಬೇರ್ಪಡಿಸುವ ಪುಟ್ಟ ಟ್ಯಾಂಕ್) ಪ್ರತ್ಯೇಕ ಡ್ರೈನ್ ಇರುತ್ತದೆ, ಮ್ಯಾನುಯಲ್ ನೋಡಿ ಅದರಿಂದಲೇ ಇಳಿಸಿ.

ಉಳಿದ ಪೆಟ್ರೋಲ್ ಏನು ಮಾಡುವುದು?

ಪದರವಾಗದ, ಎಣ್ಣೆ ಬೆರೆಸದ ಪೆಟ್ರೋಲನ್ನು ಇ20 ತಡೆಯುವ ಕಾರಿನ ತುಂಬಿದ ಟ್ಯಾಂಕಿಗೆ ಒಂದೆರಡು ಲೀಟರ್‌ನಂತೆ ಸೇರಿಸಿ ಸುಟ್ಟುಬಿಡಿ. ಎಣ್ಣೆ ಬೆರೆತದ್ದು ಕಾರಿಗೆ ಬೇಡ. ಪರಿಚಯದವರ ಹತ್ತಿರ ಆರ್‌ಎಕ್ಸ್ 100ನಂಥ ಹಳೆಯ ಟೂ ಸ್ಟ್ರೋಕ್ ಬೈಕ್ ಇದ್ದರೆ ಅವರಿಗೆ ಕೊಡಿ, ಬೆಂಗಳೂರಿನಲ್ಲಿ ಅಂಥವರು ಸಿಗುವುದು ಕಷ್ಟವಲ್ಲ.

ಪದರವಾದದ್ದನ್ನು ಯಾವ ಎಂಜಿನ್‌ಗೂ ಹಾಕಬೇಡಿ. ರಾಜಕಾಲುವೆಗೂ ಚೆಲ್ಲಬೇಡಿ, ನಮ್ಮ ಕೆರೆಗಳಿಗೆ ಈಗಾಗಲೇ ಸಾಕಷ್ಟು ಬಂದಿದೆ. ಮುಚ್ಚಿದ ಲೋಹದ ಕ್ಯಾನಿನಲ್ಲಿ ಹಾಕಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ತ್ಯಾಜ್ಯ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ.

ಹಂತ 8: ಘಟ್ಟ ಇಳಿಯುವ ಮುನ್ನ

ಇದು ಬೆಂಗಳೂರಿನಂಥ ಎತ್ತರದ ಊರಿನವರಿಗೆ ಇರುವ ತೊಂದರೆ, ಇದನ್ನು ಹೇಳುವವರೂ ಕಡಿಮೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಇಲ್ಲಿನ ಗಾಳಿ ಕರಾವಳಿಗಿಂತ ಸುಮಾರು ಶೇ. 10ರಷ್ಟು ತೆಳು. ಕಾರ್ಬೊರೇಟರನ್ನು ಇಲ್ಲಿ ಕಿವಿಗೆ ಹಿತವಾಗುವಂತೆ ಟ್ಯೂನ್ ಮಾಡಿಸಿದರೆ, ಮಲ್ಪೆಯ ದಟ್ಟ ಗಾಳಿಯಲ್ಲಿ ಅದೇ ಎಂಜಿನ್‌ಗೆ ಪೆಟ್ರೋಲ್ ಕಡಿಮೆ ಬೀಳುತ್ತದೆ, ಮಿಶ್ರಣ ತೆಳುವಾಗುತ್ತದೆ.

ಎಥನಾಲ್ ಕೂಡ ಅದೇ ದಿಕ್ಕಿಗೆ ತಳ್ಳುತ್ತದೆ. ಶುದ್ಧ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಸಾಕು. ಎಥನಾಲ್‌ಗೆ 9 ಕಿಲೋ. ಇ20ಕ್ಕೆ ಲೆಕ್ಕ ಹಾಕಿದರೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು, ಕಾರ್ಬೊರೇಟರಿಗೆ ಇದು ಗೊತ್ತಿಲ್ಲ. ಎರಡೂ ಸೇರಿದಾಗ ಟೂ ಸ್ಟ್ರೋಕ್ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ಬಿಸಿಯಾಗಿ ಪಿಸ್ಟನ್ ಹೋಗುತ್ತದೆ. ದೂರ ಹೋಗುವ ದಿನವೇ ಹೋಗುತ್ತದೆ.

ಆದ್ದರಿಂದ ಬೆಂಗಳೂರಿನಲ್ಲಿ ಜೆಟ್ ಸಣ್ಣದು ಮಾಡಿಸಬೇಡಿ. ಯಾರಾದರೂ ಮಾಡಿದ್ದರೆ ಸಮುದ್ರಕ್ಕೆ ಹೋಗುವ ಮುನ್ನ ಕಂಪನಿ ಅಳತೆಯ ಜೆಟ್ ವಾಪಸ್ ಹಾಕಿ. ಎಣ್ಣೆಯ ಅಳತೆ ಮ್ಯಾನುಯಲ್ 50:1 ಎಂದರೆ ಲೀಟರಿಗೆ 20 ಮಿಲಿ, ಟಿಸಿ-ಡಬ್ಲ್ಯೂ3 ದರ್ಜೆಯ ದೋಣಿ ಎಣ್ಣೆ. ಬೈಕಿನ ಟೂಟಿ ಆಯಿಲ್ ಅಲ್ಲ. ಮೊದಲ ಅರ್ಧ ಗಂಟೆ ಅರ್ಧ ಥ್ರಾಟಲ್ ಮೀರದೆ ಓಡಿಸಿ, ದಡಕ್ಕೆ ತಂದು ಪ್ಲಗ್ ತೆಗೆದು ನೋಡಿ. ಪಿಂಗಾಣಿ ತುದಿ ಕಂದು ಬಣ್ಣಕ್ಕಿದ್ದರೆ ಹೊರಡಿ. ಸುಣ್ಣದಂತೆ ಬಿಳಿಯಾಗಿದ್ದರೆ ಆ ದಿನ ಫುಲ್ ಥ್ರಾಟಲ್ ಮರೆತುಬಿಡಿ.

ಇ20ರಲ್ಲಿ ಒಂದು ಟ್ಯಾಂಕಿಗೆ ಹೋಗುವ ದೂರ ಶೇ. 6–7ರಷ್ಟು ಕಡಿಮೆಯಾಗುತ್ತದೆ ಎಂದೂ ಲೆಕ್ಕದಲ್ಲಿಡಿ. ರಸ್ತೆಯಲ್ಲಾದರೆ ಮುಂದೆ ಬಂಕ್ ಸಿಗುತ್ತದೆ.

ನೀರಿನ ಮೇಲೆ ಎಂಜಿನ್ ನಿಂತರೆ

ಮೊದಲು ಆ್ಯಂಕರ್ ಹಾಕಿ, ಲೈಫ್ ಜಾಕೆಟ್ ಎಲ್ಲರ ಮೈಮೇಲಿದೆಯಾ ನೋಡಿ. ಆಮೇಲೆ ಮೂಸಿ. ಪೆಟ್ರೋಲ್ ವಾಸನೆ ಗಟ್ಟಿಯಾಗಿ ಬರುತ್ತಿದ್ದರೆ ಸ್ಟಾರ್ಟ್ ಬಟನ್ ಮುಟ್ಟಬೇಡಿ, ಸೋರಿಕೆ ಹುಡುಕಿ, ದೋಣಿಯ ತಳಕ್ಕೆ ಗಾಳಿ ಆಡಲು ಬಿಡಿ.

ವಾಸನೆ ಇಲ್ಲದಿದ್ದರೆ ಟ್ಯಾಂಕಿನ ಗಾಳಿಸ್ಕ್ರೂ ತೆರೆಯಿರಿ. ನಂಬಿ, ಅರ್ಧದಷ್ಟು ಕೇಸುಗಳು ಇಲ್ಲೇ ಮುಗಿಯುತ್ತವೆ. ಬಲ್ಬ್ ಹಿಚುಕಿ. ಗಟ್ಟಿಯಾದರೆ ಪೆಟ್ರೋಲ್ ಎಂಜಿನ್‌ವರೆಗೆ ಬರುತ್ತಿದೆ. ಮೆತ್ತಗಿದ್ದರೆ ಪೈಪಿನ ಎರಡೂ ತುದಿಯ ಕನೆಕ್ಟರ್ ಒತ್ತಿ ನೋಡಿ, ಅವುಗಳ ಓ ರಿಂಗ್ ಹೋಗಿದ್ದರೆ ಅಲ್ಲೇ ಗಾಳಿ ಎಳೆಯುವುದು. ನಂತರ ಫಿಲ್ಟರಿನ ಪಾರದರ್ಶಕ ಬಟ್ಟಲು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಡ್ರೈನ್ ತೆರೆದು ಬಾಟಲಿಗೆ ಇಳಿಸಿ, ನೀರಿಗೆ ಚೆಲ್ಲಬೇಡಿ. ಮತ್ತೆ ಬಲ್ಬ್ ಹಿಚುಕಿ ನೋಡಿ. ಮತ್ತೆ ಅದೇ ಬಂದರೆ ಆ ಟ್ಯಾಂಕನ್ನು ಕಳಚಿ ಪಕ್ಕಕ್ಕಿಡಿ. ಜೊತೆಗೆ ತಂದ ಐದು ಲೀಟರ್‌ನ ಬೇರೆ ಟ್ಯಾಂಕಿಗೆ ಪೈಪ್ ಸಿಕ್ಕಿಸಿ, ಕಾರ್ಬೊರೇಟರ್ ಬಟ್ಟಲಿನ ಡ್ರೈನ್ ಒಮ್ಮೆ ತೆರೆದು ಹಳೆಯದನ್ನು ಇಳಿಸಿ, ಸ್ಟಾರ್ಟ್ ಮಾಡಿ, ಕಡಿಮೆ ಥ್ರಾಟಲ್‌ನಲ್ಲಿ ದಡಕ್ಕೆ ಬನ್ನಿ.